ಹೆಪ್ಪು ಹಾಕಿದ ಕೈ

"ಇದೇ ನೋಡು ಆ ಬೋಟು," ಎಂದು ಗಿರಾಕಿ ತನ್ನ ಗೆಳೆಯನಿಗೆ ಹೇಳುತ್ತಿದ್ದಾಗ ಅವಳು ಅದೇ ಬೋಟಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಉಪ್ಪುಕಾಗದದಿಂದ ಹಳೆಯ ಬಣ್ಣ ಉಜ್ಜುತ್ತಿದ್ದಳು. ಅವರಿಬ್ಬರ ಹೊಳೆಯುವ ಬೂಟುಗಳಷ್ಟೇ ಅವಳಿಗೆ ಕಾಣುತ್ತಿದ್ದವು. "ಆ ಕಾಲದಲ್ಲಿ ಸಮುದ್ರದ ರೇಸಲ್ಲಿ ಇದನ್ನ ಹಿಡಿಯೋಕೆ ಯಾರಿಗೂ ಆಗ್ತಿರಲಿಲ್ಲ. ಅಲೆ ಮೇಲೆ ಓಡ್ತಿರಲಿಲ್ಲ ಮಾರಾಯ, ಹಾರ್ತಿತ್ತು! ಎರಡನೇ ವರ್ಷ, ಗೆಲುವು ಇನ್ನೇನು ಕೈಗೆ ಬಂತು ಅನ್ನೋವಾಗ ಹಿಂದ್ಗಡೆ ಗೋಡೆನೇ ಬಿರಿದು ನೀರು ನುಗ್ತು. ಯಾಕೆ ಗೊತ್ತಾ?"

"ಯಾಕೆ?"

"ಯಾರೋ ಹುಡುಗಿ ಕೈಲಿ ರೆಸಿನ್ ಕಲಸಿದ್ರಂತೆ. ಹಾರ್ಡನರ್ ಕಮ್ಮಿ ಹಾಕಿದ್ಲಂತೆ. ಯಾವ ಹುಡುಗನ ಧ್ಯಾನದಲ್ಲಿದ್ಲೋ ಏನೋ!"

ಇಬ್ಬರೂ ನಕ್ಕರು. ಮೂರನೆಯ ನಗೆಯೊಂದು ಬಂದು ಸೇರಿತು. ಅದು ಅವಳ ಅಣ್ಣನದು. ಗಿರಾಕಿಗಳ ಮುಂದೆ ಮಾತ್ರ ನಗುವ, ಹಲ್ಲಿನಿಂದ ಒಳಗೆ ಇಳಿಯದ ಆ ನಗೆಯನ್ನು ಅವಳು ಸಂತೆಯ ಗದ್ದಲದಲ್ಲೂ ಗುರುತಿಸಬಲ್ಲಳು.

ಅವಳ ಕೈ ನಿಂತಿತು. ಮತ್ತೆ ಉಜ್ಜತೊಡಗಿದಾಗ ಕಾಗದ ಹರಿದು ಬೆರಳ ತುದಿ ಉರಿಯಿತು. ತೆವಳಿಕೊಂಡು ಹೊರಗೆ ಬಂದು ಎದ್ದು ನಿಂತಳು. ತಲೆಗೆ ಕಟ್ಟಿದ ಬಟ್ಟೆ, ಹುಬ್ಬು, ರೆಪ್ಪೆ ಎಲ್ಲದರ ಮೇಲೂ ಬಿಳಿ ಧೂಳು.

"ಅಯ್ಯೋ, ನೀವು ಇಲ್ಲೇ ಇದ್ರಾ ಅಮ್ಮ!" ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದ.

"ನನ್ನ ತಂಗಿ ಸಾರ್," ಎಂದ ಅಣ್ಣ. "ಉಜ್ಜೋದ್ರಲ್ಲಿ ಇವಳನ್ನ ಮೀರಿಸೋರು ಈ ದಂಡೇಲೇ ಇಲ್ಲ."

"ಆಮೇಲೆ ಆ ಹುಡುಗಿ ಏನಾದ್ಲಂತೆ?" ಎಂದು ಗೆಳೆಯ ಕೇಳಿದ.

"ಹಳೇ ಕಥೆ ಬಿಡಿ ಸಾರ್. ಬನ್ನಿ, ಬಣ್ಣದ ಮಾದರಿ ತೋರಿಸ್ತೀನಿ." ಅಣ್ಣ ಇಬ್ಬರನ್ನೂ ಬಾಗಿಲ ಕಡೆ ನಡೆಸಿಕೊಂಡು ಹೋದ. ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ.

ಆ ಹುಡುಗಿ ಇವಳೇ.

ಅಪ್ಪ ಈ ಬೋಟನ್ನು ಕಟ್ಟಿದಾಗ ಅವಳಿಗೆ ಇಪ್ಪತ್ತು ತುಂಬಿತ್ತಷ್ಟೆ. ಇದೇ ಶೆಡ್ಡು, ಇದೇ ಕಬ್ಬಿಣದ ತೊಲೆ. ಅಚ್ಚಿನೊಳಗೆ ಫೈಬರ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಒಂದೊಂದು ಪದರಕ್ಕೂ ರೆಸಿನ್ ಕುಡಿಸಿ ಬೋಟನ್ನು ಎಬ್ಬಿಸಿದ್ದರು. ಜೇನಿನಂತೆ ಹರಿಯುವ ರೆಸಿನ್ನು ಹಾರ್ಡನರ್ ಬಿದ್ದ ಮೇಲೆಯೇ ಕಲ್ಲಾಗುವುದು. ಶೆಡ್ಡಿನಲ್ಲಿ ಅದನ್ನು ಎಲ್ಲರೂ ಹೆಪ್ಪು ಎನ್ನುತ್ತಿದ್ದರು. ಕಡಿಮೆಯಾದರೆ ಎಷ್ಟು ದಿನ ಕಳೆದರೂ ಅಂಟಂಟು. ಹೆಚ್ಚಾದರೆ, ಅಥವಾ ಹಾಕಿ ಸುಮ್ಮನೆ ಬಿಟ್ಟರೆ, ಬಕೆಟ್ಟಿನಲ್ಲೇ ಕಾದು ಹೊಗೆಯಾಡಿ ಸಿಡಿಯುತ್ತದೆ. "ಇದಕ್ಕೆ ಕೈಯಲ್ಲಿ ಹದ ಬೇಕು, ಅದು ನನ್ನ ಮಗಳ ಕೈಯಲ್ಲಿದೆ," ಎಂದು ಅಪ್ಪ ತನ್ನ ಗೆರೆಲೋಟವನ್ನು, ಹೆಪ್ಪು ಅಳೆಯುವ ಗೆರೆಯಿದ್ದ ಆ ಪುಟ್ಟ ಗಾಜಿನ ಲೋಟವನ್ನು, ಅವಳ ಕೈಗೆ ಕೊಟ್ಟಿದ್ದ. ಎರಡು ಎಂಜಿನ್ನುಗಳ ಭಾರವನ್ನು ಹೊರಬೇಕಾದ ಹಿಂಬದಿಯ ಗೋಡೆಗೆ ಅವರು ಬೆನ್ನು ಎನ್ನುತ್ತಿದ್ದರು. ಬೋಟಿನ ಬೆನ್ನಿಗೆ ಹೆಪ್ಪು ಹಾಕಿದವಳು ಅವಳು.

ಮರುವರ್ಷ ಬೆನ್ನು ಬಿರಿದ ಬೋಟನ್ನು ದಡಕ್ಕೆ ಎಳೆದು ತಂದಾಗ, ಅಂಗಳದಲ್ಲಿ ಸೇರಿದ್ದ ಜನರ ಎದುರು ಅಪ್ಪ ಹೇಳಿದ: "ಮಗಳು ಹೆಪ್ಪು ಕಮ್ಮಿ ಹಾಕಿದ್ದಾಳೆ." ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಗೆರೆಲೋಟ ಅಣ್ಣನ ಜೇಬಿಗೆ ಹೋಯಿತು. ಅವಳ ಕೈಗೆ ಉಪ್ಪುಕಾಗದ ಬಂತು.

ಆಮೇಲೆ ಮನೆಯಲ್ಲಿ ಅದೊಂದು ತಮಾಷೆಯಾಯಿತು. ಮೊಸರು ನೀರಾದರೆ "ಹೆಪ್ಪು ಹಾಕಿದ್ದು ಯಾರಪ್ಪಾ?" ಎಂದು ಅತ್ತಿಗೆ ನಗುತ್ತಿದ್ದಳು; ಅವಳೂ ನಗುತ್ತಿದ್ದಳು. ಆದರೆ ಆ ದಿನವನ್ನು ಅವಳು ಎಷ್ಟು ಸಲ ಮನಸ್ಸಿನಲ್ಲಿ ಬಿಚ್ಚಿ ಮಡಚಿದ್ದಳೋ ಲೆಕ್ಕವಿಲ್ಲ. ಗೆರೆ ಮುಟ್ಟಿತ್ತೇ? ಬೆಳಕು ಕಡಿಮೆಯಿತ್ತೇ? ಅವತ್ತು ಅವಳು ಏನನ್ನೋ ಗುನುಗುತ್ತಿದ್ದಳು, ಅದು ನೆನಪಿದೆ, ಕಾರಣವಿಲ್ಲದೆ ಖುಷಿಯಾಗಿದ್ದಳು. ಹಾಗಾದರೆ ಆ ಖುಷಿಯೇ ತಪ್ಪಿರಬೇಕು. ಸಾರಿಗೆ ಉಪ್ಪು ಹಾಕಿ ಮತ್ತೆ ರುಚಿ ನೋಡುವುದು, ಗ್ಯಾಸ್ ಆರಿಸಿ ಮತ್ತೆ ಬಂದು ತಿರುವಿ ನೋಡುವುದು ಅಭ್ಯಾಸವಾಯಿತು. ಮಗಳಿಗೆ ಜ್ವರ ಬಂದಾಗ ಔಷಧಿಯನ್ನು ಚಮಚಕ್ಕೆ ಸುರಿಯಲು ಗಂಡನ ಕೈಗೆ ಕೊಡುತ್ತಿದ್ದಳು. "ನೀನೇ ಹಾಕಬಾರದಾ?" ಎಂದು ಅವನು ಕೇಳಿದರೆ "ನನ್ನ ಕೈ ಸರಿಯಿಲ್ಲ," ಎನ್ನುತ್ತಿದ್ದಳು. ಕೈ ನಡುಗುತ್ತದೆ ಎಂದುಕೊಂಡು ಅವನು ಸುಮ್ಮನಾಗುತ್ತಿದ್ದ.

ಈಗ ಬೋಟು ತಿರುಗಿ ಬಂದಿತ್ತು. ಯಾರದೋ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದನ್ನು ಗಿರಾಕಿ ಹುಡುಕಿ ತಂದಿದ್ದ. ಹಳೆಯ ಮೀಟರುಗಳು ಹಾಗೇ ಇರಬೇಕು, ಪಕ್ಕದ ಕೆಂಪು ಪಟ್ಟಿ ಹಾಗೇ ಇರಬೇಕು, ಎಂಜಿನ್ನುಗಳು ಮಾತ್ರ ಹೊಸವು, ಇನ್ನೂ ದೊಡ್ಡವು. ಅದಕ್ಕೆ ಬೆನ್ನನ್ನು ಒಡೆದು ಹೊಸದಾಗಿ ಕಟ್ಟಲೇಬೇಕಿತ್ತು.

ಗಿರಾಕಿಯ ಕಾರು ಹೋದ ಮೇಲೆ ಅಣ್ಣ ಗ್ರೈಂಡರ್ ಹಿಡಿದು ಬೆನ್ನಿನ ಹೊರಪದರವನ್ನು ಸುತ್ತಲೂ ಕೊಯ್ದ. ಬೋಟು ಬಿರಿದಾಗ ಅಪ್ಪ ಬಾಗಿಲು ಹಾಕಿಕೊಂಡು ಒಬ್ಬನೇ ಬಡಿದಿದ್ದ ತೇಪೆ ಅದು. ಚಪ್ಪಡಿಯಂತೆ ಕಳಚಿ ಬಿತ್ತು. ಒಳಗಿನ ಪ್ಲೈವುಡ್ಡು ಚಹಾದಲ್ಲಿ ನೆನೆದ ಬ್ರೆಡ್ಡಿನಂತೆ ಕಪ್ಪಾಗಿತ್ತು. ಹುಳಿ ವಾಸನೆ ಬಂತು.

"ನೋಡೇ ನಿನ್ನ ಹೆಪ್ಪಿನ ಮಹಿಮೆ," ಎಂದ ಅಣ್ಣ ಮುಖಗವಸು ಸರಿಸಿ.

ಅಭ್ಯಾಸಬಲದಿಂದ ಅವಳ ತಲೆ ತಗ್ಗಿತು. ಹಾಗೆ ತಗ್ಗಿದ್ದರಿಂದಲೇ ಕೆಳಗಿನ ಅಂಚು ಕಣ್ಣಿಗೆ ಬಿತ್ತು. ಕಪ್ಪು ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ನಾಲ್ಕು ದುಂಡನೆಯ ಗುರುತುಗಳಿಂದ ಹೊರಟು, ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತೆ ಮೇಲಕ್ಕೆ ಏರಿತ್ತು. ದೂರದ ಮೂಲೆಗಳಲ್ಲಿ ಮರ ಇನ್ನೂ ಹೊಸದರಂತೆ ಹಳದಿಯಾಗಿತ್ತು.

ಅವಳು ಉಳಿ ಸುತ್ತಿಗೆ ತೆಗೆದುಕೊಂಡು ಬೋಟಿನೊಳಗೆ ಹತ್ತಿದಳು. ಒಳಮೈಯಲ್ಲಿ ಅವಳೇ ಹಾಸಿದ ಪದರಗಳಿದ್ದವು. ಹೆಪ್ಪು ಕಮ್ಮಿಯಾದ ಪದರವಾದರೆ ಬಾಳೆಪಟ್ಟೆಯಂತೆ ಸುಲಿದು ಬರಬೇಕು. ಉಳಿ ಇಟ್ಟು ಹೊಡೆದಳು. ಠಣ್ ಎಂದಿತು. ಇನ್ನೊಂದು ಕಡೆ ಹೊಡೆದಳು. ಠಣ್. ಉಳಿಯ ಬಾಯಿ ಮುರಿಯಿತೇ ಹೊರತು ಒಂದು ಎಳೆಯೂ ಏಳಲಿಲ್ಲ.

"ಸಾಕು ಬಿಡೇ, ಯಾಕೆ ಹಾಗೆ ಬಡೀತೀಯಾ?"

"ಆ ನಾಲ್ಕು ತೂತು ಯಾರದು?" ಅವಳು ಒಳಗಿನಿಂದಲೇ ಕೇಳಿದಳು.

"ಯಾವ ತೂತು?"

"ಓಡುವಾಗ ಬೋಟಿನ ಮೂತಿ ಮೇಲೇಳತ್ತೆ ಅಂತ ಮೊದಲನೇ ರೇಸಿನ ಹಿಂದಿನ ದಿನ ಬೆನ್ನಿಗೆ ಉಕ್ಕಿನ ರೆಕ್ಕೆ ಕೂರಿಸಿದ್ಯಲ್ಲ, ಆ ತೂತು. ಊರೆಲ್ಲ ನಿನ್ನ ಬೆನ್ನು ತಟ್ಟಿತ್ತು. ಕೊರೆದ ಮೇಲೆ ರೆಸಿನ್ ಕುಡಿಸಿದ್ಯಾ?"

ಅದು ಅಪ್ಪನ ಮೊದಲ ಪಾಠ. ಮರ ಬಾಯಾರಿದ ಪ್ರಾಣಿ, ಕೊರೆದ ತೂತಿಗೆ ನೀನು ರೆಸಿನ್ ಕುಡಿಸದಿದ್ದರೆ ಅದು ಸಮುದ್ರವನ್ನೇ ಕುಡಿಯುತ್ತದೆ ಎನ್ನುತ್ತಿದ್ದ.

ಅಣ್ಣ ಗ್ರೈಂಡರಿನ ವೈರು ಸುತ್ತತೊಡಗಿದ. "ಅವಸರ ಇತ್ತು. ಹುಡುಗು ವಯಸ್ಸು. ಈಗ ಅದನ್ನೆಲ್ಲ ಯಾಕೆ ಕೆದಕ್ತೀಯಾ?"

"ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರೆಸ್ತಂತೆ. ಮೇಕೆ ಈಗ ಕೇಳ್ತಿದೆ, ಹೇಳು."

"ನಾನೇನೂ ನಿನ್ನ ಹೆಸರು ಹೇಳಿಲ್ಲ. ಹೇಳಿದ್ದು ಅಪ್ಪ."

ಅದು ನಿಜವಾಗಿತ್ತು. ಅವಳು ಕೆಳಗಿಳಿದು ಬಂದು ಮೊಣಕಾಲೂರಿ ಆ ಗುರುತುಗಳನ್ನು ಹತ್ತಿರದಿಂದ ನೋಡಿದಳು. ತೂತುಗಳನ್ನು ಯಾರೋ ಪುಟ್ಟಿ ಮೆತ್ತಿ ಮುಚ್ಚಿದ್ದರು. ಉಗುರಿನಿಂದ ಕೆರೆದಳು. ಇಟ್ಟಿಗೆಯಂಥ ಕೆಂಪು. ಪುಟ್ಟಿಗೆ ಕೆಂಪು ಮಣ್ಣಿನ ಪುಡಿ ಬೆರೆಸುತ್ತಿದ್ದವನು ಈ ದಂಡೆಯಲ್ಲಿ ಒಬ್ಬನೇ ಇದ್ದ.

ಅಪ್ಪ ಎಂದಿನಂತೆ ಶೆಡ್ಡಿನ ಬಾಗಿಲ ಬಳಿ ತನ್ನ ಕುರ್ಚಿಯಲ್ಲಿದ್ದ. ಬದುಕಿಡೀ ನುಂಗಿದ ಧೂಳು ಈಗ ಅವನ ಎದೆಯಲ್ಲಿ ಸಿಳ್ಳೆ ಹಾಕುತ್ತಿತ್ತು. ಅವಳು ಪುಟ್ಟಿ ಸಮೇತ ಮರದ ಒಂದು ತುಂಡನ್ನು ಕಿತ್ತು ತಂದು ಅವನ ತೊಡೆಯ ಮೇಲೆ ಇಟ್ಟಳು.

"ಇದೇನಪ್ಪ?"

ಅವನು ತಿರುಗಿಸಿ ನೋಡಿದ. ಹೆಬ್ಬೆರಳು ಕೆಂಪಿನ ಮೇಲೆ ನಿಂತಿತು. "ನನ್ನ ಪುಟ್ಟಿ."

"ಅದು ನನಗೂ ಗೊತ್ತು. ಒಂದೇ ಮಾತು ಕೇಳ್ತೀನಿ. ಅವತ್ತು ಈ ತೂತು ನೋಡಿದ ಮೇಲೆ ನನ್ನ ಹೆಸರು ಹೇಳಿದ್ಯಾ, ಹೇಳಿದ ಮೇಲೆ ನೋಡಿದ್ಯಾ?"

ಸಮುದ್ರದ ಕಡೆಯಿಂದ ಗಾಳಿ ಬಂದು ನೆಲದ ಧೂಳನ್ನು ಒಂದಷ್ಟು ಎತ್ತಿ ಹಾಕಿತು. ಸುಳ್ಳು ಹೇಳಲಿ, ದೇವರೇ, ಒಂದು ಸುಳ್ಳಾದರೂ ಹೇಳಲಿ ಎಂದು ಅವಳಿಗೆ ಅನ್ನಿಸಿತು.

"ನೋಡಿದ ಮೇಲೆ," ಎಂದ ಅಪ್ಪ.

ಅವನು ಆ ತುಂಡನ್ನು ತೊಡೆಯ ಮೇಲೆ ಮಗುಚಿಟ್ಟ.

"ರೆಸಿನ್ ಕುಡಿಸದೆ ನಿನ್ನಣ್ಣ ತೂತು ಕೊರೆದ ಅಂತ ಗೊತ್ತಾಗಿದ್ರೆ ಅವನ ಕೈಗೆ ಯಾರು ಬೋಟು ಕೊಡೋರು? ಅವನು ಇಲ್ಲೇ ಬದುಕಬೇಕಿತ್ತು. ನೀನು ಹೇಗಿದ್ರೂ ಮದುವೆಯಾಗಿ ಹೋಗೋಳು."

"ಎಲ್ಲಿಗೆ ಹೋದೆ ಅಪ್ಪ? ಹಿಂದಿನ ಬೀದಿಗೆ ಹೋದೆ. ಮದುವೆಯಾದ ಮರುವಾರವೇ ತಲೆಗೆ ಬಟ್ಟೆ ಕಟ್ಕೊಂಡು ಇಲ್ಲಿಗೇ ಬಂದೆ. ದಿನಾ ನಿನ್ನ ಕಣ್ಣ ಮುಂದೆ ಉಜ್ಜಿದೆ. ಒಂದು ದಿನ, ಒಂದೇ ಒಂದು ದಿನ, ಬಾ ಇಲ್ಲಿ ಮಗಳೇ ಅಂತ ಕರೆದು ಕಿವಿಯಲ್ಲಾದ್ರೂ ಹೇಳಬಹುದಿತ್ತು!"

ಅವಳ ದನಿ ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. ಅದು ತನ್ನದೇ ದನಿ ಎಂದು ಅವಳಿಗೆ ಗೊತ್ತಾಗಲಿಲ್ಲ. ಅಪ್ಪನಿಗೆ ಕೆಮ್ಮು ಬಂತು. ಅವನು ನೀರಿನ ಲೋಟಕ್ಕೆ ಕೈ ಚಾಚಿದ; ಲೋಟ ದೂರವಿತ್ತು. ಅವಳು ಅದನ್ನು ಹತ್ತಿರ ಸರಿಸದೆ ಒಳಗೆ ಹೋದಳು.

ಅವಳು ಮನೆಯಲ್ಲಿ ಕೂರಲಿಲ್ಲ. ಮರುದಿನವೂ ಬಂದಳು, ಅದರ ಮರುದಿನವೂ. ಕೊಳೆತ ಮರವನ್ನು ಪೂರ್ತಿ ಕೆರೆದು ತೆಗೆದಳು, ಹೊಸ ಪ್ಲೈವುಡ್ಡಿಗೆ ಗುರುತು ಹಾಕಿದಳು, ಅಣ್ಣ ಕೊಯ್ದದ್ದನ್ನು ಹಿಡಿದು ಕೂರಿಸಿದಳು. ಬಾಯಿ ಮಾತ್ರ ಬಿಡಲಿಲ್ಲ. ಅಣ್ಣ ಅದನ್ನು ರಾಜಿ ಎಂದುಕೊಂಡ. "ಬಿಸಿ ಆರ್ತು," ಎಂದು ಫೋನಿನಲ್ಲಿ ಅತ್ತಿಗೆಗೆ ಹೇಳುತ್ತಿದ್ದುದು ಅವಳಿಗೆ ಕೇಳಿಸಿತು.

ಬೆನ್ನಿಗೆ ಫೈಬರ್ ಹಾಸುವ ದಿನ ಗಿರಾಕಿ ನೋಡಲು ಬಂದ. ಅಪ್ಪನ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತ. ಕತ್ತರಿಸಿದ ಬಟ್ಟೆಯ ಪದರಗಳು ಮೇಜಿನ ಮೇಲೆ ಸಾಲಾಗಿದ್ದವು. ಅಣ್ಣ ದೊಡ್ಡ ಬಕೆಟ್ಟಿಗೆ ರೆಸಿನ್ ಸುರಿದು, ಜೇಬಿನಿಂದ ಗೆರೆಲೋಟ ತೆಗೆದು ಹೆಪ್ಪು ಅಳೆದು ಹಾಕಿ, ಲೋಟವನ್ನು ಮತ್ತೆ ಜೇಬಿಗಿಟ್ಟು ಕಲಕಿದ. ಇದು ಇಬ್ಬರ ಕೆಲಸ. ಒಬ್ಬರು ರೆಸಿನ್ ಕುಡಿಸುತ್ತ ಹೋದರೆ ಇನ್ನೊಬ್ಬರು ರೋಲರ್ ಒತ್ತಿ ಗಾಳಿ ತೆಗೆಯಬೇಕು.

"ಬಾರೇ, ರೋಲರ್ ಹಿಡಿ."

ಅವಳು ಕೈಗವಸು ತೆಗೆದು ಮೇಜಿನ ಮೇಲಿಟ್ಟಳು. "ಮೊದಲು ಸಾರ್‌ಗೆ ಹೇಳು."

"ಏನನ್ನ?"

"ಈ ಬೋಟಿನ ಬೆನ್ನು ಯಾಕೆ ಬಿರೀತು ಅಂತ."

ಅಣ್ಣ ದನಿ ತಗ್ಗಿಸಿದ. "ಆಮೇಲೆ ಮಾತಾಡೋಣ. ಹೆಪ್ಪು ಬಿದ್ದಾಗಿದೆ ಕಣೇ."

"ನನಗೂ ಕಣ್ಣಿದೆ."

"ಏನಾದ್ರೂ ತೊಂದ್ರೆನಾ?" ಗಿರಾಕಿ ಕತ್ತು ಚಾಚಿದ.

"ಏನಿಲ್ಲ ಸಾರ್, ಮನೆ ವಿಷಯ."

"ಮನೆ ವಿಷಯ ಅಲ್ಲ ಸಾರ್, ನಿಮ್ಮ ಬೋಟಿನ ವಿಷಯ," ಎಂದಳು ಅವಳು. "ಆ ಹುಡುಗಿ ಏನಾದ್ಲು ಅಂತ ನಿಮ್ಮ ಗೆಳೆಯರು ಕೇಳಿದ್ರಲ್ಲ? ಎಲ್ಲೂ ಹೋಗಿಲ್ಲ. ಇಲ್ಲೇ ಇದಾಳೆ. ಉಜ್ತಾ ಇದಾಳೆ."

ಗಿರಾಕಿ ಸ್ಟೂಲಿನಿಂದ ಎದ್ದು ನಿಂತ.

ಅಣ್ಣ ಹಲ್ಲು ಕಚ್ಚಿ ಒಬ್ಬನೇ ಶುರುಮಾಡಿದ. ಮೊದಲ ಪದರವನ್ನು ಎತ್ತಿ ಅಂಟಿಸಿದ. ಮೇಲಿನ ಮೂಲೆ ಒತ್ತುವಷ್ಟರಲ್ಲಿ ಕೆಳಗಿನದು ಜೋತುಬಿತ್ತು, ಕೆಳಗಿನದನ್ನು ಹಿಡಿದರೆ ಇಡೀ ಬಟ್ಟೆ ಜಾರಿ ಅವನ ತೋಳಿಗೆ ಸುತ್ತಿಕೊಂಡಿತು. ಬಕೆಟ್ಟಿನಿಂದ ಘಾಟು ಏರತೊಡಗಿತು.

"ಅಪ್ಪಾ, ನೀನಾದ್ರೂ ಇವಳಿಗೆ ಹೇಳು!"

ಅಪ್ಪನ ಎದೆ ಸಿಳ್ಳೆ ಹಾಕಿತು. "ಹೇಳಬೇಕಾದ್ದು ಅವಳಿಗಲ್ಲ," ಎಂದ. ಅದಕ್ಕಿಂತ ಹೆಚ್ಚು ಅವನೂ ಹೇಳಲಿಲ್ಲ. ಅದನ್ನೂ ಅವಳು ಗಮನಿಸಿದಳು.

ಬಕೆಟ್ಟಿನ ಅಂಚಿನಲ್ಲಿ ರೆಸಿನ್ನು ಗಂಟುಗಟ್ಟಿತು. ಅಣ್ಣ ಬ್ರಷ್ಷನ್ನು ಅದ್ದಿದ. ಅದು ನಡುವೆಯೇ ಸಿಕ್ಕಿ ನಿಂತಿತು. ಎಳೆದ, ಬರಲಿಲ್ಲ. ತೆಳ್ಳನೆಯ ಹೊಗೆ ಎದ್ದಿತು. ಅವನು ತೋಳಿಗಂಟಿದ ಬಟ್ಟೆಯನ್ನು ಬಿಡಿಸಿಕೊಳ್ಳುತ್ತ, ಬಕೆಟ್ಟನ್ನೇ ನೋಡುತ್ತ ಅಂದ:

"ನಾನೇ ಸಾರ್. ತೂತು ಕೊರೆದು ಹಾಗೇ ಬಿಟ್ಟೋನು ನಾನೇ. ಇವಳ ಹೆಪ್ಪು ಸರಿಯಾಗೇ ಇತ್ತು."

ಅವಳು ದಪ್ಪ ಗೋಣಿಬಟ್ಟೆಯಲ್ಲಿ ಬಕೆಟ್ಟಿನ ಹಿಡಿ ಹಿಡಿದು, ನೆಟ್ಟಗೆ ನಿಂತ ಬ್ರಷ್ಷಿನ ಸಮೇತ ಎತ್ತಿಕೊಂಡು ಹೋಗಿ ಹೊರಗಿನ ಮರಳಲ್ಲಿ ಇಟ್ಟಳು. ಅಪ್ಪನ ಕುರ್ಚಿಯನ್ನು ದಾಟಿ ಹೋದಳು, ದಾಟಿ ಬಂದಳು. ಒಳಗೆ ಬಂದು ಹೊಸ ಬಕೆಟ್ಟಿಗೆ ರೆಸಿನ್ ಸುರಿದಳು. ಆಮೇಲೆ ಅಣ್ಣನ ಮುಂದೆ ಅಂಗೈ ಚಾಚಿ ನಿಂತಳು.

ಅವನು ಜೇಬಿಗೆ ಕೈ ಹಾಕಿದ. ಗೆರೆಲೋಟವನ್ನು ಅಂಗಿಯ ತುದಿಯಿಂದ ಒರೆಸಿ ಅವಳ ಅಂಗೈ ಮೇಲಿಟ್ಟ. ಗಾಜು ಅವನ ಜೇಬಿನ ಬಿಸಿಗೆ ಬೆಚ್ಚಗಿತ್ತು.

ಅವಳು ಲೋಟವನ್ನು ಬೆಳಕಿಗೆ ಹಿಡಿದು ಗೆರೆಯ ತನಕ ಸುರಿದಳು. ಮತ್ತೊಮ್ಮೆ ನೋಡಲಿಲ್ಲ. ಬಕೆಟ್ಟಿಗೆ ಹಾಕಿ ಕಲಕತೊಡಗಿದಳು. "ರೋಲರ್ ಹಿಡಿ," ಎಂದಳು ಅಣ್ಣನಿಗೆ.

ಹೊರಗೆ ಮರಳಿನ ಮೇಲೆ ಆ ಬಕೆಟ್ಟು ಇನ್ನೂ ಚಟ್ ಚಟ್ ಎಂದು ಸಿಡಿಯುತ್ತಿತ್ತು.