ನಾಲ್ಕು, ನಾಲ್ಕು, ನಾಲ್ಕು

"ಹೋದ ಸಲ ಹನ್ನೊಂದು, ಈ ಸಲ ಹದಿನಾಲ್ಕು," ಎಂದರು ಡಾಕ್ಟರಮ್ಮ.

"ಹೋದ ಸಲ ನಾಲ್ಕು," ಎಂದೆ. ಮುದ್ರಣಾಲಯದಲ್ಲಿ ಕರಡು ತಿದ್ದುವವಳು ನಾನು. ತಪ್ಪು ಕಂಡರೆ ಬಾಯಿ ಸುಮ್ಮನಿರುವುದಿಲ್ಲ.

ಅವರು ಫೈಲನ್ನು ನನ್ನತ್ತ ತಿರುಗಿಸಿದರು. ಹನ್ನೊಂದು. ಕೆಳಗೆ ಅಕ್ಕನ ಸಹಿ.

ಸ್ತನದ ಗಡ್ಡೆಯಿಂದ ಕಳಚಿಕೊಂಡು ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳನ್ನು ಎಣಿಸುವುದು ಇದೇ ಆಸ್ಪತ್ರೆಯಲ್ಲಿ ಅಕ್ಕನ ಕೆಲಸ. ಒಂದೂವರೆ ಚಮಚ ರಕ್ತದಲ್ಲಿ ಐದಕ್ಕಿಂತ ಕಡಿಮೆ ಸಿಕ್ಕರೆ ನನ್ನಂಥವರ ಮುಂದಿನ ದಾರಿ ಉದ್ದವಿರಬಹುದು. ಐದು ಮುಟ್ಟಿದರೆ ಗಿಡ್ಡ. ಕೊಳವೆಯ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ನನ್ನ ನಂಬರು ಅಕ್ಕನಿಗೆ ಬಾಯಿಪಾಠ.

"ಹೋದ ಸಲದ್ದನ್ನ ನಾನೇ ಹೇಳ್ತೀನಿ ಅಂದ್ರು ನಿಮ್ಮಕ್ಕ. ನಾನು ಒಪ್ಪಬಾರದಿತ್ತು."

"ಆಗಲೇ ಔಷಧಿ ಬದಲಾಯಿಸಿದ್ದಿದ್ರೆ?"

"ಹೆಚ್ಚು ಕಾಲ ಸಿಗ್ತಿತ್ತು ಅಂತ ಹೇಳೋಕಾಗಲ್ಲಮ್ಮ. ಎಣಿಕೆ ಮುಂದಿನದನ್ನ ಸೂಚಿಸುತ್ತೆ, ಅಷ್ಟೆ."

ಹಾಗಾದರೆ ಕಳೆದುಹೋದದ್ದು ಔಷಧಿಯಲ್ಲ. ಮೆಟ್ಟಿಲಿಳಿದು ಲ್ಯಾಬಿಗೆ ಹೋದೆ.

"ಬಾರೇ, ಊಟ ಆಯ್ತಾ?" ಎಂದಳು ಅಕ್ಕ, ಪರದೆಯಿಂದ ಕಣ್ಣು ಕೀಳದೆ.

"ಹನ್ನೊಂದು."

ಮೌಸಿನ ಮೇಲಿನ ಬೆರಳು ನಿಂತಿತು. "ನಿನ್ನ ಮುಖ ನೋಡಿ ಹೇಳೋಕೆ ಬಾಯೇ ಬರಲಿಲ್ಲ ಕಣೇ."

"ನಾಲ್ಕು ಅನ್ನೋಕೆ ಬಂತಲ್ಲ."

"ಮೂರು ತಿಂಗಳು ನೀನು ನಗ್ತಾ ಇದ್ದೆ. ಅದೂ ತಪ್ಪಾ?"

"ರಜೆ ಪೂರ್ತಿ ನಿನ್ನ ಜೊತೆ ಇರ್ತೀನಮ್ಮ ಅಂದ್ಳು ಮಗಳು. ನಾಲ್ಕೇ ಕಣೇ, ನೀನು ಬೇರೆ ಊರಿನ ತರಬೇತಿಗೆ ಹೋಗು ಅಂತ ನಾನೇ ಅವಳನ್ನ ತಳ್ಳಿದೆ. ಆಗ ಪಕ್ಕದಲ್ಲೇ ಕೂತು ಕಿತ್ತಳೆ ಸುಲೀತಿದ್ದೆ ನೀನು. ನನ್ನ ಕೈಗೂ ಎರಡು ತೊಳೆ ಇಟ್ಟೆ. ನಿನ್ನೆ ರಜೆ ಮುಗೀತು ಅಕ್ಕ."



ಕಣ್ಣಾಮುಚ್ಚಾಲೆಯಲ್ಲಿ ಗೋಡೆಗೆ ಮುಖವೊತ್ತಿ ಎಣಿಸುತ್ತಿದ್ದವಳೂ ಇವಳೇ. ಐದು ಎಂದೊಡನೆ ಹುಡುಕಲು ಹೊರಡಬೇಕು. ನಾನು ಬಚ್ಚಿಟ್ಟುಕೊಳ್ಳುವವರೆಗೂ "ನಾಲ್ಕು, ನಾಲ್ಕು, ನಾಲ್ಕು" ಎನ್ನುತ್ತಿದ್ದಳು. ಮೋಸ, ಮೋಸ ಎಂದು ಉಳಿದ ಮಕ್ಕಳು ಕಿರುಚುತ್ತಿದ್ದರು. ನನಗೆ ಮಾತ್ರ ಅದು ಮೋಸವೆನಿಸಿರಲಿಲ್ಲ.

"ಈ ಸಲದ್ದು ತೋರಿಸು. ನಾನೇ ಎಣಿಸ್ತೀನಿ."

"ಬೇಡ್ವೇ..."

"ತೋರಿಸು."

ಕಪ್ಪು ಪರದೆಯ ಮೇಲೆ ಒಂದೊಂದೇ ಕೋಶ: ಹಸಿರು ಉಂಗುರ, ನಡುವೆ ನೀಲಿ ಚುಕ್ಕೆ. ನೋಡಲು ಚೆನ್ನಾಗಿಯೇ ಇತ್ತು, ದರಿದ್ರದ್ದು. ಒಂದು. ಎರಡು. ಮೂರು. ನಾಲ್ಕು. ಅಲ್ಲಿ ಅವಳ ಕೈ ತಡವರಿಸಿತು.

"ಮುಂದಿನದು," ಎಂದೆ.

ಹದಿನಾಲ್ಕು ಮುಗಿದ ಮೇಲೆ ಮಗಳಿಗೆ ಫೋನ್ ಮಾಡಿದೆ. ಅದು ರಿಂಗಾಗುತ್ತಿದ್ದಾಗ, ಕೊಡು ನಾನೇ ಹೇಳುತ್ತೇನೆ ಎಂಬಂತೆ ಅಕ್ಕ ಕೈ ಚಾಚಿದಳು. ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.