ಎರಡನೆಯ ಬೂಸ್ಟರ್

"ಆ ಗಂಟು ಬಿಚ್ಚು, ಜಾರತದ. ತಡಿ, ನಾ ಹಾಕ್ತೀನಿ" ಎಂದು ಏಜಾಜ ಓಣಿಯ ಅರ್ಜುನನ ಕೈಯಿಂದ ಹಗ್ಗ ಕಸಿದುಕೊಂಡ. ರೇವಣಸಿದ್ದನನ್ನು ಕೂಡಿಸಿ ಮಣ್ಣಿಗೆ ಒಯ್ಯುವ ವಿಮಾನಕ್ಕೆ ಬಿದಿರು ಬಿಗಿಯುವ ಕೆಲಸ ನಡೆದಿತ್ತು. ರೇವಣಸಿದ್ದನ ಜೋಡಿ ಸುರಪುರದ ಮಾಳಿಗೆ ಮಾಳಿಗೆ ಹತ್ತಿ ಟಿವಿ ಕೇಬಲ್ ಎಳೆದ ಕೈ ಏಜಾಜನದು. ಅಂಥವನಿಗೂ ಇವತ್ತು ಗಂಟು ಎರಡು ಸಲ ತಪ್ಪಿತು.

ಒಳಗೆ ಪಡಸಾಲೆಯಲ್ಲಿ ರೇವಣಸಿದ್ದ ಗೋಡೆಗೆ ಆತು ಕೂತಿದ್ದ. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು. ನಿನ್ನೆ ಸಂಜೆ ಚಹಾ ಕುಡಿದು ಕಪ್ಪು ಕೆಳಗಿಟ್ಟ ಆಸಾಮಿ, ಎದೆ ಹಿಡಿದುಕೊಂಡು ಹಾಗೇ ಒರಗಿಬಿಟ್ಟಿದ್ದ. ಭಜನೆಯವರು ತಾಳ ತಟ್ಟುತ್ತಿದ್ದರು. ಹೆಂಡತಿ ಸೂಗಮ್ಮ ಅತ್ತು ಅತ್ತು ದನಿ ಬಿದ್ದು, ಸೆರಗಿನಿಂದ ಅವನ ಮುಖದ ಮೇಲಿನ ನೊಣ ಓಡಿಸುತ್ತ ಕೂತಿದ್ದಳು.

"ಟಿವಿ ಜರಾ ಮಸುಕಾದ್ರ ಸಾಕು, 'ಬೂಸ್ಟರ್ ಹಾಕಲೇನ್ ಆಪಾ' ಅಂತ ಓಡಿ ಬರಾಂವ" ಎಂದಳು ನೆರೆಮನೆಯ ಶರೀಫಾಬೀ, ಕಣ್ಣೊರೆಸಿಕೊಳ್ಳುತ್ತ.

"ಬೂಸ್ಟರ್ ಅಂದ್ರ ಅವಗ ಜೀವ" ಎಂದ ಅರ್ಜುನ.

ಅಷ್ಟರಲ್ಲಿ ಓಣಿಯ ಬಾಯಿಗೆ ಬೈಕು ನಿಲ್ಲಿಸಿ ಕಾಂತೇಶ ಬಂದ. ವನದುರ್ಗದ ಹಾದಿಯಲ್ಲಿ ಹೊಸದಾಗಿ ಎದ್ದ ಕರೆಂಟಿನ ಸ್ಟೇಷನ್ನಿನ ಸೂಪರ್‌ವೈಸರ್ ಅವನು. ರೇವಣಸಿದ್ದನಿಗೂ ಏಜಾಜನಿಗೂ ಕೆಲಸ ಕೊಟ್ಟವನು. ಹೆಣಕ್ಕೆ ಹಾರ ಹಾಕಿ, ಕೈ ಮುಗಿದು, ಏಜಾಜನನ್ನು ಬಾಗಿಲ ಮಗ್ಗುಲಿಗೆ ಕರೆದ.

"ಇಂಥಾ ಹೊತ್ತಿನಾಗ ಕೇಳಬಾರದು ಏಜಾಜ. ಏನ್ ಮಾಡ್ಲಿ, ಮ್ಯಾಲಿನವರು ಮುಂಜಾನಿಂದ ಫೋನ್ ಮ್ಯಾಲ ಫೋನ್ ಹಚ್ಯಾರ. ಸ್ಟೇಷನ್ನಿನ ಗಡಿಯಾರದ ಕೇಬಲ್ಲಿನಾಗ ಇನ್ನೊಂದು ಬೂಸ್ಟರ್ ಸಿಕ್ಕದ. ಪ್ಲ್ಯಾನಿನಾಗ ಇದ್ದದ್ದು ಒಂದ. ಹಾಕಿದವ ಯಾರು, ಹೆಸರು ಹೇಳು, ಅವಗ ಇನ್ನ ನಮ್ಮಲ್ಲಿ ಕೆಲಸ ಇಲ್ಲ ಅಂತಾರ."

ಯಾರ ಕೈಕೆಲಸವೆಂದು ಏಜಾಜ ಯೋಚಿಸಬೇಕಾಗಿಯೇ ಇರಲಿಲ್ಲ.

*

ಹೋದ ತಿಂಗಳು ಆ ಸ್ಟೇಷನ್ನಿನ ಮಾಳಿಗೆಯ ಮೇಲೆ ಅಣಬೆಯಂಥ ಬಿಳಿ ಆಂಟೆನಾ ಕೂಡಿಸಬೇಕಾಗಿತ್ತು. ಉಪಗ್ರಹಗಳಿಂದ ಸಮಯ ಹಿಡಿದು ಕೆಳಗಿನ ಕೋಣೆಯ ಗಡಿಯಾರಕ್ಕೆ ಕೊಡುವ ಆಂಟೆನಾ. ಯಾವ ಕರೆಂಟಿನ ಲೈನು ಯಾವ ಗಳಿಗೆಯಲ್ಲಿ ಕೈಕೊಟ್ಟಿತೆಂಬುದನ್ನು ಆ ಗಡಿಯಾರದಿಂದಲೇ ಪತ್ತೆ ಹಚ್ಚಬೇಕು. ಜಾಗ ಹುಡುಕುವುದರಲ್ಲಿ ರೇವಣಸಿದ್ದನ ಕಣ್ಣು ಚೂಪು. ನೀರಿನ ಟಾಕಿ ಅಡ್ಡ ಬರದ, ನಾಲ್ಕೂ ಕಡೆ ಆಕಾಶ ಬಯಲಾದ ಮೂಲೆ ತೋರಿಸಿದ. ಆದರೆ ಮೂಲೆ ದೂರ, ಕೇಬಲ್ಲು ಉದ್ದವಾಯಿತು. ಅದಕ್ಕೆಂದೇ ಆಂಟೆನಾದ ಬುಡದಲ್ಲಿ ಸಿಗ್ನಲ್ಲಿಗೆ ಬಲ ತುಂಬುವ ಒಂದು ಬೂಸ್ಟರ್ ಗೊತ್ತು ಮಾಡಿದ್ದರು.

"ಒಂದು ಸಾಲೂದಿಲ್ಲೋ. ಅಷ್ಟು ದೂರ ಬರೂದ್ರಾಗ ಸಿಗ್ನಲ್ ದಣೀತದ. ಕೆಳಗೂ ಒಂದು ಹಾಕಮು" ಎಂದ ರೇವಣಸಿದ್ದ.

"ಅಣ್ಣಾ, ಇದು ಟಿವಿ ಅಲ್ಲ. ಕಿವ್ಯಾಗ ಬಾಯಿಟ್ಟು ಒದರಿದ್ರ ಮಾತು ತಿಳೀತದೇನು? ಜಾಸ್ತಿ ಆದ್ರ ಇದಕ್ಕೂ ಹಂಗ ಆಗ್ತದ."

"ನನಗ ಕಲಿಸ್ತೀಯೇನಲೇ? ನಿನಗ ಏಣಿ ಹಿಡಿಯಾಕ ಕಲಿಸಿದವ ನಾನು!"

ಏಜಾಜ ನಕ್ಕ. ಡಿಶ್ಶು ಬಂದು ಊರಿನ ಕೇಬಲ್ ಧಂದೆ ಮುಳುಗಿದ ಮೇಲೆ ಇಬ್ಬರ ಮನೆಯನ್ನೂ ನಡೆಸುತ್ತಿದ್ದದ್ದು ಇಂಥ ಕೆಲಸವೇ. ಮರುದಿನ ಮಗಳು ಅಂಬರೀನಳ ಕಾಲೇಜಿಗೆಂದು ಏಜಾಜ ಶಹಾಪುರಕ್ಕೆ ಹೋಗಿದ್ದ. ಅವತ್ತಿನಿಂದ ಗಡಿಯಾರ ಒಮ್ಮೆ ಸಮಯ ಹಿಡಿಯುವುದು, ಒಮ್ಮೆ ಬಿಡುವುದು ಶುರುವಾಯಿತು. ಎಲ್ಲರೂ ಪಾಪ ಆ ಆಂಟೆನಾವನ್ನೇ ಬೈದರು.

*

"ರೇವಣಸಿದ್ದನ ಕೆಲಸ, ಹೌದಲ್ಲ?" ಎಂದು ಕಾಂತೇಶ ಮೆಲ್ಲಗೆ ಕೇಳಿದ.

ಹೌದೆಂದರೆ ಮುಗಿಯುತ್ತಿತ್ತು. ಏಜಾಜ ಒಳಗೆ ನೋಡಿದ. ವಿಭೂತಿ ಬಳಿದುಕೊಂಡು, ಯಾರ ಮಾತಿಗೂ ಎದುರಾಡದೆ ಅಣ್ಣ ಕೂತಿದ್ದ. ಮಣ್ಣಿಗೆ ಹೋಗುವ ಮೊದಲೇ ಹೆಸರು ಕೆಡಿಸಿ ಕಳಿಸುವುದೇ? ಮಗಳ ಕಾಲೇಜು, ಮನೆಯ ಬಾಡಿಗೆ ಎಲ್ಲ ಕಣ್ಮುಂದೆ ಬಂದವು. ಆದರೂ ಬಾಯಿ ತಾನಾಗಿ ತೆರೆಯಿತು.

"ನಾನ ಹಾಕಿದ್ದು ರೀ ಸಾಹೇಬ್ರ."

"ಏನ್ ಹೇಳಾಕತ್ತಿ? ನಾಳಿಂದ ಬರಬ್ಯಾಡ ಅಂತಾರೋ!"

"ಅನ್ಲಿ ಬಿಡ್ರಿ."

"ಸುಳ್ಳು!"

ಸೂಗಮ್ಮ ಎದ್ದು ಹೊಸ್ತಿಲಿಗೆ ಬಂದಿದ್ದಳು. ಭಜನೆ ನಿಂತಿತು.

"ಸುಳ್ಳ ಹೇಳಾಕತ್ತಾನ್ರೀ ಇವ. ಹಳೇ ಸೈಟಿಂದು ಒಂದು ಬೂಸ್ಟರ್ ನಮ್ಮ ಗ್ವಾಡಿ ಮಾಡದಾಗ ಇತ್ತು. ರೊಟ್ಟಿ ಗಂಟಿನಾಗ ಕಟ್ಟಿಕೊಟ್ಟಾಕಿ ನಾನು. 'ಏಜಾಜಗ ಹೇಳಬ್ಯಾಡ, ಬೈತಾನ' ಅಂತ ಒಯ್ದವ ನನ್ನ ಗಂಡ."

ರೇವಣಸಿದ್ದನ ಅಣ್ಣ ನಾಗಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಸೂಗಮ್ಮಾ! ಹೆಣ ಮುಂದ ಇಟಗೊಂಡು ಗಂಡನ ಗಲತಿ ಆಡ್ತೀಯೇನು? ಮಂದಿ ಕೇಳಾಕತ್ತಾರ."

"ಕೇಳ್ಲಿ ರೀ ಭಾವಾ. ಅವನ ಗಲತಿ ಅವನ ಹೊರ್ಲಿ. ಇನ್ನ ಅವಗ ಯಾರು ಏನ್ ಮಾಡ್ತಾರ? ಇವನ ಮನ್ಯಾಗ ನಾಳಿ ಒಲಿ ಉರೀಬೇಕು."

ಕಾಂತೇಶ ತಲೆ ತಗ್ಗಿಸಿದ. "ಹಂಗ ಹೇಳ್ತೀನ್ರೀ ಯವ್ವಾ" ಎಂದು ಫೋನು ಹಿಡಿದು ಓಣಿಯ ಕಡೆ ನಡೆದ.

"ಯಕ್ಕಾ, ಅಣ್ಣನ ಮಾನ ಹೋತಲ್ಲ..." ಏಜಾಜ ಚಿಕ್ಕ ಮಕ್ಕಳ ಹಾಗೆ ಬಿಕ್ಕಿದ.

"ಯಾಕ ಹೋಗ್ತದ? ಕಳವು ಮಾಡ್ಯಾನೇನ ಅವ? ಒಂದು ಹೆಚ್ಚಿಗಿ ಹಾಕ್ಯಾನ. ಪಲ್ಯಾಕೂ ಹಂಗ, ನಾ ಹಾಕಿದ ಉಪ್ಪಿನ ಮ್ಯಾಲ ಇನ್ನೊಂದು ಚಿಟಿಕಿ..." ಶರೀಫಾಬೀ ಸೂಗಮ್ಮನನ್ನು ತಬ್ಬಿ ಹಿಡಿದಳು.

ಹೊತ್ತು ಇಳಿಯುತ್ತಿತ್ತು. ಹೊಲದಲ್ಲಿ ಕುಣಿ ತಯಾರಾಗಿದೆ ಎಂದು ಆಳು ಬಂದು ಹೇಳಿದ. ರೇವಣಸಿದ್ದನನ್ನು ವಿಮಾನದಲ್ಲಿ ಕೂಡಿಸಿದರು. ಮುಂದಿನ ಬಿದಿರಿಗೆ ನಾಗಣ್ಣ ಹೆಗಲು ಕೊಟ್ಟ. ಅವನ ಜೋಡಿಗೆ ಏಜಾಜ ಹೋಗಿ ನಿಂತಾಗ ನಾಗಣ್ಣ ಒಮ್ಮೆ ಗುರಾಯಿಸಿ ನೋಡಿದ. ಆಮೇಲೆ ತಾನೇ ಸರಿದು ಜಾಗ ಮಾಡಿಕೊಟ್ಟ.

ಏಜಾಜ ಎತ್ತರದ ಆಳು. ಹೆಗಲು ಕೊಟ್ಟ ಉಳಿದ ಮೂವರು ಅವನ ಭುಜಕ್ಕೆ ಬರುತ್ತಿದ್ದರು. ಎತ್ತಿದ ಕೂಡಲೇ ವಿಮಾನ ಓರೆಯಾಗಿ ರೇವಣಸಿದ್ದ ನಾಗಣ್ಣನ ಕಡೆಗೆ ವಾಲಿದ.

"ತಗ್ಗೋ ಏಜಾಜ, ಬೀಳ್ತಾನ!" ಎಂದು ಸೂಗಮ್ಮ ಹಿಂದಿನಿಂದ ಕೂಗಿದಳು.

ಏಜಾಜ ಮೊಣಕಾಲು ಮಡಚಿದ. ರೇವಣಸಿದ್ದ ನೆಟ್ಟಗೆ ಕೂತ. ಹೊಲ ಊರಾಚೆಗಿತ್ತು, ಹಾದಿ ಏರು. ನಡುವೆ ಅರ್ಜುನ ಬಂದು ಹೆಗಲು ಬದಲಿಸಲು ನೋಡಿದ; ಏಜಾಜ ಬಿಡಲಿಲ್ಲ. ಅಷ್ಟೂ ದೂರ ಏಜಾಜ ಹಾಗೆಯೇ, ಮಂಡಿ ಬಾಗಿಸಿಕೊಂಡೇ ನಡೆದ.