ಕರಿಹಲಗೆ ಎಂಬ ನನ್ನ ಸವತಿ

ನಾನೊಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಜೋಡಿಸಿ ನನ್ನನ್ನು ಹುಟ್ಟಿಸಿದರು. ಗುಂಡಿ ಒತ್ತಿದೊಡನೆ ಗುಂಯ್ ಎಂದು ಎದ್ದೆನಲ್ಲ, ನನ್ನ ಸೊಕ್ಕು ಅವತ್ತೇ ಶುರುವಾಯಿತು. ಮೊದಲು ಟೈಪಿಂಗ್ ಕೇಂದ್ರದಲ್ಲಿದ್ದೆ. ಅಲ್ಲಿ ಜನ ನನಗಾಗಿ ಸರದಿಯಲ್ಲಿ ಕಾಯುತ್ತಿದ್ದರು.

ಆಮೇಲೆ ಧಾರವಾಡಕ್ಕೆ ಬಂದೆ. ಜಾಣ ಮಕ್ಕಳಿಗೆ ಕಾಲೇಜು ಮಟ್ಟದ ಕಂಪ್ಯೂಟರ್ ಪಾಠ ಹೇಳುವ ಭಾನುವಾರದ ತರಗತಿ ಅದು. ಇನ್ನು ನನ್ನದೇ ರಾಜ್ಯ ಅಂದುಕೊಂಡೆ. ಎಲ್ಲಿಯ ರಾಜ್ಯ! ಪಾಠ ಹೇಳುವ ಹೊಸಮನಿ ಟೀಚರ್, ಆ ಮಹಾರಾಯಿತಿ, ನನಗೆ ಹಳೇ ಸೀರೆಯ ತುಂಡು ಹೊದಿಸಿ, "ಮೊದಲ ಹಲಗಿ, ಆಮ್ಯಾಲೆ ಕಂಪ್ಯೂಟರ್" ಅಂದುಬಿಟ್ಟರು. ಪ್ರೋಗ್ರಾಮನ್ನು ಕರಿಹಲಗೆಯ ಮೇಲೆ ಬರೆಯಬೇಕು, ಮಕ್ಕಳೇ ಎದ್ದು ಅದರಂತೆ ನಡೆದು ತೋರಿಸಬೇಕು, ತಪ್ಪಿಲ್ಲ ಎಂದಾದ ಮೇಲೆ ನನ್ನ ಮುಸುಕು ತೆಗೆಯಬೇಕು.

ಆ ಹಲಗೆಯನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಒರೆಸಿದರೆ ಎಲ್ಲ ಮರೆಯುವ ಮೊದ್ದು ಅದು. ಅದರ ಮುಂದೆ ಗೌತಮಿ ನಿಂತಾಗಂತೂ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ಒಂಬತ್ತನೇ ತರಗತಿಯ ಹುಡುಗಿ. ನನ್ನ ಕೀಲಿಗಳನ್ನು ಮೆತ್ತಗೆ ಒತ್ತುತ್ತಿದ್ದವಳು ಅವಳೊಬ್ಬಳೇ. ಅವಳು ನನ್ನ ಹತ್ತಿರವೇ ಕೂರಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಒಮ್ಮೆ ರಾಜ್ಯಮಟ್ಟದ ಶಿಬಿರದ ಆಯ್ಕೆಗೆ ಸಂಜೆಯೊಳಗೆ ಒಂದು ಪ್ರೋಗ್ರಾಂ ಕಳಿಸಬೇಕಿತ್ತು. ಧಾರವಾಡದಿಂದ ಬಾಗಲಕೋಟೆಗೆ ಎಲ್ಲಕ್ಕಿಂತ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಂ. ಅವಸರಕ್ಕೆ ಗೌತಮಿ ಹಲಗೆ ಬಿಟ್ಟು ನೇರ ನನ್ನ ಬಳಿ ಬಂದಳು. ಗೆದ್ದೆ ಅಂದುಕೊಂಡೆ! ಆದರೆ ಅವಳ ಪ್ರೋಗ್ರಾಂ ನಿಲ್ಲಲೇ ಇಲ್ಲ. ನಾನು ಲೆಕ್ಕ ಹಾಕುತ್ತಲೇ ಇದ್ದೆ, ಅವಳು ಎದ್ದೇಳದೆ ತಿದ್ದುತ್ತಲೇ ಇದ್ದಳು. ತಪ್ಪು ಸಿಗದಿರಲಪ್ಪಾ ಎಂದು ಬೇಡಿಕೊಂಡೆ.

ಕೊನೆಗೆ ಅವಳ ಕಣ್ಣಲ್ಲಿ ನೀರು ಬಂತು. "ಟೀಚರ್, ಇದು ಕೆಟ್ಟೈತ್ರಿ!"

"ಅದೇನ್ ಕೆಟ್ಟಿಲ್ಲವ್ವಾ. ಹಲಗಿ ಮ್ಯಾಲೆ ಬರಿ, ಬಾ."

ಬರೆದಳು. ಒಬ್ಬೊಬ್ಬ ಹುಡುಗ ಒಂದೊಂದು ಊರಾಗಿ ನಿಂತ. ಬರೆದದ್ದನ್ನು ಓದುತ್ತಾ ಗೌತಮಿ ಧಾರವಾಡದಿಂದ ಹುಬ್ಬಳ್ಳಿಗೆ ನಡೆದಳು, ಮತ್ತೆ ಧಾರವಾಡಕ್ಕೆ, ಮತ್ತೆ ಹುಬ್ಬಳ್ಳಿಗೆ. ಧಾರವಾಡವಾಗಿ ನಿಂತಿದ್ದ ಮಹಾಂತೇಶನಿಗೆ ರೇಗಿತು. "ಎಷ್ಟ್ ಸಲ ಬರ್ತೀಬೇ? ಒಮ್ಮೆ ಬಂದ್ ಹೋಗೀಯಲ್ಲ!"

ಗೌತಮಿ ಹಣೆ ಚಚ್ಚಿಕೊಂಡಳು. ಆ ಮಾತನ್ನೇ ಅವಳು ಪ್ರೋಗ್ರಾಮಿನಲ್ಲಿ ಬರೆದಿರಲಿಲ್ಲ. 'ಬಂದು ಹೋದ ಊರಿಗೆ ಮತ್ತೆ ಬರಬೇಡ' ಎಂದು ಹಲಗೆಯ ಮೇಲೆ ದಪ್ಪಗೆ ಸೇರಿಸಿ, ನನ್ನಲ್ಲೂ ತಿದ್ದಿದಳು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಟ್ಟೆ. ಅವಳು ಓಡಿಹೋಗಿ ಮುತ್ತಿಟ್ಟದ್ದು ಹಲಗೆಗೆ! ಉತ್ತರ ಕೊಟ್ಟವರು ಯಾರು? ನಾನು!

ಗೌತಮಿ ಆಯ್ಕೆಯಾಗಿ ಶಿಬಿರಕ್ಕೆ ಹೋದಳು. ಅವಳ ಅಕ್ಷರ ಒರೆಸಲು ಟೀಚರಿಗೆ ಮನಸ್ಸಾಗಲಿಲ್ಲ, ಹೊಸ ಹಲಗೆ ತರಿಸಿದರು. ಲ್ಯಾಪ್‌ಟಾಪ್‌ಗಳು ಬಂದ ಮೇಲೆ ನನ್ನೊಳಗಿದ್ದದ್ದನ್ನೆಲ್ಲ ಅಳಿಸಿ ಹಿಂದಿನ ಕೋಣೆಗೆ ಹಾಕಿದರು. ಎದುರಿಗೆ ಯಾರು? ಅದೇ ಹಲಗೆ, ಎದೆಯ ಮೇಲೆ ಗೌತಮಿಯ ಅಕ್ಷರ ಹೊತ್ತುಕೊಂಡು. ಅವಳು ಬರೆದ ಒಂದು ಸಾಲೂ ನನ್ನಲ್ಲಿ ಉಳಿದಿರಲಿಲ್ಲ. ವರ್ಷಗಟ್ಟಲೆ ಅದರ ಮುಖ ನೋಡುತ್ತಾ ಕೂತೆ.

ಮೊನ್ನೆ ಗೌತಮಿ ಬಂದಳು. ಈಗ ಅವಳೂ ಇಂಥದೇ ತರಗತಿ ನಡೆಸುತ್ತಾಳಂತೆ. ಹೆಗಲ ಚೀಲವನ್ನು ನನ್ನ ಮೇಲಿಟ್ಟು, ಹಲಗೆಯ ಮುಂದೆ ನಿಂತು ಓದಿ, ಬಾಯಿ ತುಂಬ ನಕ್ಕಳು.

"ಟೀಚರ್, ಇದನ್ನ ನಮ್ಮ ಮಕ್ಕಳಿಗೆ ತೋರಸ್ಬೇಕ್ರಿ. ಒಯ್ಯಲೇನ್ರಿ?"

ಒಯ್ದಳು. ಚೀಲವನ್ನೂ ಎತ್ತಿಕೊಂಡಳು. ನನ್ನತ್ತ ತಿರುಗಿ ನೋಡಲಿಲ್ಲ.

ನನ್ನ ಉರಿ ಇನ್ನೂ ಆರಿಲ್ಲ. ಆದರೆ ನನ್ನ ಮೇಲೆ ಕೂತ ದೂಳಿನ ನಡುವೆ ಅವಳ ಚೀಲ ಇದ್ದಷ್ಟು ಜಾಗ ಅಚ್ಚೊತ್ತಿದಂತೆ ಉಳಿದಿದೆ. ಅದು ನನ್ನದು. ಬಟ್ಟೆ ಹಿಡಿದು ಯಾರೂ ಇತ್ತ ಬರಬೇಡಿ.